ಗಾಢನಿದ್ರೆಯ ವೇಳೆಯಲ್ಲಿ ಎಚ್ಚರವಾಗಿರುವ ದೇವರು

ಧ್ಯಾನಕ್ಕಾಗಿ: ಆದಿಕಾಂಡ 2ನೆಯ ಅಧ್ಯಾಯ, 18ರಿಂದ 24ನೆಯ ವಚನಗಳು



ಮೇಲೆ ಸೂಚಿಸಿದ ವೇದಭಾಗವನ್ನು ನಾವು ಮದುವೆಯ ಆರಾಧನೆಗಳಲ್ಲಿ ಎಷ್ಟೋ ಸಾರಿ ಓದಿದ್ದೇವೆ, ಅದರ ಮೇಲೆ ಪ್ರಸಂಗವನ್ನೂ ಮಾಡಿದ್ದೇವೆ. ಆದರೂ ಅದರಲ್ಲಿರುವ ಒಂದು ಸಂಗತಿಯು ಕಳೆದ ವರುಷದ ವರೆಗೆ ನಮ್ಮ ಮನಸ್ಸಿಗೆ ತಾಕಿರಲಿಲ್ಲ. ಅದೇನಂದರೆ, ದೇವರು ಆದಾಮನಿಗೆ ಹೆಂಡತಿಯನ್ನು ಕೊಡುವದಕ್ಕೆ ಮುಂಚೆ ಅವನಿಗೆ ಗಾಢನಿದ್ರೆಯನ್ನು ಬರಮಾಡಿದನು. ಅವನ ಪಕ್ಕೆಯನ್ನು ತೆರೆದನು. ತೆಗೆಯತಕ್ಕದ್ದನ್ನು ತೆಗೆದು ಆ ಸ್ಥಳವನ್ನು ಮಾಂಸದಿಂದ ಮುಚ್ಚಿದನು. ಮೊದಲನೆಯ ಮದುವೆಗಿಂತ ಮೊದಲು ಒಂದು ನಿದ್ರೆಯೂ ಒಂದು ಗಾಯವೂ ಇದ್ದವು. ಆ ಹೊತ್ತಿನಲ್ಲಿ ಆದಾಮನು ತನಗಾಗಿ ಏನನ್ನೂ ಮಾಡಲಾರದೆ ಇದ್ದನು. ಎಚ್ಚರವಾಗಿದ್ದವನು ದೇವರೊಬ್ಬನೇ.

ಈ ಸತ್ಯವು ನಮಗೆ ತಿಳಿದುಬಂದದ್ದು ಓದುವ ಕೋಣೆಯಲ್ಲಿ ಅಲ್ಲ, ಆಸ್ಪತ್ರೆಯ ಬೆಂಚಿನ ಮೇಲೆ. ಅದು ಹೇಗೆಂಬದನ್ನು, ನಮ್ಮ ತಪ್ಪನ್ನೂ ಮರೆಮಾಡದೆ, ನಿಮಗೆ ತಿಳಿಸುವದು ನಮ್ಮ ಕರ್ತವ್ಯವೆಂದು ಎಣಿಸಿದ್ದೇವೆ.

ನಮ್ಮ ಪತ್ನಿಗೆ ಆಗ ನಾಲ್ವತ್ತಾರು ವರುಷ. ಎರಡು ವರುಷಗಳಿಂದ ನೀರಿನ ಕೊಡ ಹೊತ್ತು ಬರುವಾಗ ಆಕೆ ದಾರಿಯಲ್ಲಿ ಎರಡು ಕಡೆ ನಿಲ್ಲುತ್ತಿದ್ದಳು. ವಯಸ್ಸಾಯಿತೆಂದು ಆಕೆಯೂ ಹೇಳಿದಳು, ನಾವೂ ನಂಬಿದೆವು. ಸುಗ್ಗಿಯ ಹಬ್ಬದ ದಿವಸ ದೇವಾಲಯದ ಮೆಟ್ಟಲೇರುವಾಗ ಎಚ್ಚರ ತಪ್ಪಿ ಬಿದ್ದಳು. ತಾಲೂಕಿನ ವೈದ್ಯರು ಎದೆಗೆ ನಳಿಗೆಯನ್ನಿಟ್ಟು ಕೇಳಿ, ತಡಮಾಡದೆ ಪಟ್ಟಣದ ದೊಡ್ಡ ಆಸ್ಪತ್ರೆಗೆ ಹೋಗಿರೆಂದು ಚೀಟಿ ಬರೆದುಕೊಟ್ಟರು. ಅಲ್ಲಿ ಎಕೋ ಪರೀಕ್ಷೆಯನ್ನೂ ಸ್ಕ್ಯಾನನ್ನೂ ಮಾಡಿಸಿದ ಮೇಲೆ ಎರಡು ಕೆಡಕುಗಳು ಕಂಡುಬಂದವು.

ಬೇಸಾಯಗಾರರಾದ ನಿಮಗೆ ಅದನ್ನು ಕೆರೆಯ ಸಾಮ್ಯದಿಂದ ತಿಳಿಸುವೆವು. ಹೃದಯದಿಂದ ಸರ್ವಾಂಗಕ್ಕೂ ರಕ್ತವನ್ನು ಒಯ್ಯುವ ದೊಡ್ಡ ಕಾಲುವೆಗೆ ಮಹಾಧಮನಿ ಎಂದು ಹೆಸರು. ಅದರ ಬಾಯಲ್ಲಿ ತೂಬಿನಂತೆ ಒಂದು ಕವಾಟವಿದೆ. ಆ ಕವಾಟಕ್ಕೆ ಮೂರು ಎಸಳುಗಳಿರುವದು ಸಹಜ. ನೂರರಲ್ಲಿ ಒಬ್ಬಿಬ್ಬರಿಗೆ ಹುಟ್ಟಿನಿಂದಲೇ ಎರಡು ಎಸಳುಗಳಿರುತ್ತವೆ. ನಮ್ಮ ಪತ್ನಿಯು ಅಂಥವರಲ್ಲಿ ಒಬ್ಬಳು. ಕಾಲ ಕಳೆದಂತೆ ಆ ಎಸಳುಗಳು ಸುಣ್ಣಗಟ್ಟಿ ಬಿರುಸಾಗಿ, ತೂಬು ಚೆನ್ನಾಗಿ ತೆರೆಯದೆ ಹೋಯಿತು. ಇದಲ್ಲದೆ ಇಂಥವರ ಮಹಾಧಮನಿಯ ಗೋಡೆಯೂ ಅನೇಕ ಸಾರಿ ದುರ್ಬಲವಾಗಿದ್ದು, ಸಡಿಲವಾದ ಕೆರೆಯ ಏರಿಯಂತೆ ಹೊರಕ್ಕೆ ಉಬ್ಬುವದುಂಟು. ಮೂರು ಸೆಂಟಿಮೀಟರಿಗೆ ತುಸು ಹೆಚ್ಚಾಗಿರಬೇಕಾದ ಅಗಲವು ಆಕೆಯಲ್ಲಿ 5.4 ಸೆಂಟಿಮೀಟರು ಆಗಿತ್ತು. ಏರಿ ಒಡೆದರೆ ಊರಿನ ಗತಿಯೇನೆಂದು ನೀವು ಬಲ್ಲಿರಿ. ಈ ತೂಬನ್ನು ತೆರೆಯುವ ಔಷಧವಿಲ್ಲ, ಈ ಉಬ್ಬನ್ನು ಇಳಿಸುವ ಗುಳಿಗೆಯೂ ಇಲ್ಲ. ಎದೆಯನ್ನು ತೆರೆದು ಎರಡನ್ನೂ ಬದಲಿಸಬೇಕೆಂದು ವೈದ್ಯರು ಹೇಳಿದರು.

ಆಗ ನಾವು ಮಾಡಿದ್ದೇನು? “ಪ್ರಾರ್ಥನೆಮಾಡಿ ತಿಳಿಸುತ್ತೇವೆ” ಎಂದು ಹೇಳಿ ಊರಿಗೆ ಹಿಂದಿರುಗಿದೆವು. ಆರು ವಾರಗಳು ಕಳೆದವು. ಸಭೆಯವರಲ್ಲಿ ಕೆಲವರು, ಅಯ್ಯನವರ ವಿಶ್ವಾಸವು ದೊಡ್ಡದು, ಕತ್ತಿಯನ್ನು ನಂಬದೆ ಕರ್ತನನ್ನೇ ನಂಬಿದ್ದಾರೆ ಎಂದು ಹೊಗಳಿದರು. ಆ ಹೊಗಳಿಕೆಯನ್ನು ನಾವು ಸುಮ್ಮನೆ ಸ್ವೀಕರಿಸಿದೆವು. ಒಂದು ರಾತ್ರಿ ಪ್ರಾರ್ಥನೆ ಮುಗಿಸಿ ಏಳುವಾಗ ನಮ್ಮ ಪತ್ನಿಯು, “ರೀ, ನೀವು ದೇವರನ್ನು ಕೇಳುತ್ತಾ ಇದ್ದೀರೋ, ಡಾಕ್ಟರಿಗೆ ಉತ್ತರ ಕೊಡುವದನ್ನು ಮುಂದಕ್ಕೆ ಹಾಕುತ್ತಾ ಇದ್ದೀರೋ? ಎದೆ ಹಿಡಿದುಕೊಂಡು ದಾರಿಯಲ್ಲಿ ಕೂತುಕೊಳ್ಳುವವಳು ನಾನು. ನನ್ನನ್ನು ಒಂದು ಮಾತು ಕೇಳಿದಿರಾ?” ಅಂದಳು.

ಪ್ರಿಯರೇ, ಆ ಮಾತು ನಮ್ಮ ಮುಖವಾಡವನ್ನು ಕಿತ್ತಿತು. ನಮ್ಮಲ್ಲಿದ್ದದ್ದು ವಿಶ್ವಾಸವಲ್ಲ, ಭಯ. ಆಕೆಯು ಬಲ್ಲೆಯ ಕೋಣೆಯಿಂದ ಹಿಂದಿರುಗದೆ ಹೋದರೆ ನಾವು ಹೇಗೆ ಬದುಕುವೆವೆಂಬ ಭಯಕ್ಕೆ ಪ್ರಾರ್ಥನೆಯೆಂಬ ಅಂಗಿಯನ್ನು ತೊಡಿಸಿದ್ದೆವು. ಹೀಗಿರಲಾಗಿ, ನಮ್ಮಂತೆ ಪರೀಕ್ಷೆಗೆ ಬೀಳುವ ಗಂಡಂದಿರಿಗೂ ಹೆಂಡತಿಯರಿಗೂ ಮೂರು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಮೊದಲನೆಯದು: ವೈದ್ಯನ ಕತ್ತಿಯು ವಿಶ್ವಾಸಕ್ಕೆ ವೈರಿಯಲ್ಲ.

ಅರಸನಾದ ಹಿಜ್ಕೀಯನು ಮರಣಕರವಾದ ರೋಗದಲ್ಲಿ ಗೋಡೆಯ ಕಡೆಗೆ ತಿರುಗಿಕೊಂಡು ಅತ್ತು ಪ್ರಾರ್ಥಿಸಿದನು. ದೇವರು ಅವನ ಮೊರೆಯನ್ನು ಕೇಳಿ ಅವನಿಗೆ ಹದಿನೈದು ವರುಷಗಳನ್ನು ಕೂಡಿಸಿದನು. ಆದರೂ ಅದೇ ಅಧ್ಯಾಯದಲ್ಲಿ ಪ್ರವಾದಿಯಾದ ಯೆಶಾಯನು ಅಂಜೂರದ ಹಣ್ಣುಗಳ ಉಂಡೆಯನ್ನು ತರಿಸಿ ಹುಣ್ಣಿನ ಮೇಲೆ ಕಟ್ಟಿಸಿದನೆಂದು ಬರೆದದೆ. ವಾಗ್ದಾನ ಮಾಡಿದ ದೇವರು ಅಂಜೂರವನ್ನು ತಳ್ಳಿಬಿಡಲಿಲ್ಲ. ಸಮಾರ್ಯದವನು ಗಾಯಪಟ್ಟವನ ಪಕ್ಕದಲ್ಲಿ ನಿಂತು ಪ್ರಾರ್ಥಿಸಿ ಹೋಗಲಿಲ್ಲ. ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಗಾಯವನ್ನು ಕಟ್ಟಿ, ಛತ್ರದವನಿಗೆ ಹಣವನ್ನೂ ಕೊಟ್ಟನು. ಲೂಕನು ಅಪೊಸ್ತಲನಿಗೆ ಪ್ರಿಯನಾಗಿದ್ದನು, ವೈದ್ಯನೂ ಆಗಿದ್ದನು.

ನಮ್ಮ ಈ ವೇದಭಾಗವೇ ಒಮ್ಮೆ ಇಂಥ ತರ್ಕಕ್ಕೆ ಉತ್ತರವಾಯಿತು. 1847ರಲ್ಲಿ ಎಡಿನ್‌ಬರೋ ಪಟ್ಟಣದ ಜೇಮ್ಸ್ ಯಂಗ್ ಸಿಂಪ್ಸನ್ ಎಂಬ ವೈದ್ಯರು ಕ್ಲೋರೊಫಾರಮನ್ನು ಕೊಟ್ಟು ಹೆರಿಗೆಯ ನೋವನ್ನು ತಗ್ಗಿಸಿದಾಗ, ಅದು ದೇವರ ಕ್ರಮಕ್ಕೆ ವಿರೋಧವೆಂದು ಆಕ್ಷೇಪಿಸಿದವರುಂಟು. ದೇವರು ತಾನೇ ಆದಾಮನ ಪಕ್ಕೆಯನ್ನು ತೆರೆಯುವದಕ್ಕೆ ಮುಂಚೆ ಅವನನ್ನು ನಿದ್ರೆಗೊಳಿಸಿದನಲ್ಲವೋ ಎಂದು ಸಿಂಪ್ಸನ್ ಅವರು ಇದೇ ವಚನವನ್ನು ತೋರಿಸಿದರು.

ನಮ್ಮ ಪತ್ನಿಗೆ ಮಾಡಿದ ಶಸ್ತ್ರಕ್ರಿಯೆಯಲ್ಲಿಯೂ ಅನೇಕರ ತಾಳ್ಮೆಯು ಸೇರಿದೆ. ಅಮೇರಿಕದ ಜಾನ್ ಗಿಬ್ಬನ್ ಎಂಬ ಶಸ್ತ್ರವೈದ್ಯರು ಯೌವನದಲ್ಲಿ, ಶ್ವಾಸಕೋಶದ ರಕ್ತನಾಳವು ಕಟ್ಟಿಕೊಂಡು ಸಾಯುತ್ತಿದ್ದ ಒಬ್ಬ ಸ್ತ್ರೀಯ ಹಾಸಿಗೆಯ ಬಳಿ ರಾತ್ರಿಯೆಲ್ಲಾ ಕಾದು ಕೂತಿದ್ದರು. ಹೃದಯದ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ ತುಸು ಹೊತ್ತು ಒಂದು ಯಂತ್ರವು ಮಾಡಬಾರದೇ ಎಂಬ ಯೋಚನೆ ಅವರಿಗೆ ಅಲ್ಲಿ ಹುಟ್ಟಿತು. ಅವರ ಹೆಂಡತಿಯಾದ ಮೇರಿಯವರು ಪ್ರಯೋಗಶಾಲೆಯಲ್ಲಿ ಅವರ ಜೊತೆಗಾರ್ತಿಯಾಗಿ ದುಡಿದರು. ಕಡೆಗೆ 1953ರಲ್ಲಿ ಅಂಥ ಯಂತ್ರದ ಸಹಾಯದಿಂದ ಒಬ್ಬ ಯುವತಿಯ ಹೃದಯವನ್ನು ತೆರೆದು ಸರಿಪಡಿಸಿದರು. ಹೂಸ್ಟನ್ ನಗರದ ಮೈಕೇಲ್ ಡಿಬೇಕಿ ಅವರು ಅಂಗಡಿಯಿಂದ ಡೇಕ್ರಾನ್ ಬಟ್ಟೆಯನ್ನು ಕೊಂಡುತಂದು, ತಮ್ಮ ಹೆಂಡತಿಯ ಹೊಲಿಗೆಯ ಯಂತ್ರದಲ್ಲಿ ಧಮನಿಯಂಥ ಕೊಳವೆಯನ್ನು ಹೊಲಿದರು. ಕೆಟ್ಟ ಕವಾಟವನ್ನೂ ಉಬ್ಬಿದ ಧಮನಿಯನ್ನೂ ಒಟ್ಟಿಗೆ ತೆಗೆದು, ಕವಾಟ ಸೇರಿಸಿದ ಬಟ್ಟೆಯ ಕೊಳವೆಯನ್ನು ಅಲ್ಲಿ ಹೊಲಿಯುವ ಕ್ರಮವನ್ನು ಇಂಗ್ಲೆಂಡಿನ ಬೆಂಟಾಲ್ ಮತ್ತು ಡಿ ಬೋನೋ ಎಂಬವರು 1968ರಲ್ಲಿ ಪ್ರಕಟಿಸಿದರು. ಬಡ ವಿಧವೆಯರಿಗಾಗಿ ದೊರ್ಕಳು ಅಂಗಿಗಳನ್ನು ಹೊಲಿದದ್ದನ್ನು ದೇವರು ಮೆಚ್ಚಿದನಲ್ಲಾ; ಜೀವವನ್ನು ಹಿಡಿದಿಡುವದಕ್ಕೆ ಹೊಲಿದ ಈ ಹೊಲಿಗೆಯನ್ನು ಅವನು ಮೆಚ್ಚದಿರುವನೋ?

ಎರಡನೆಯದು: ಇಬ್ಬರೂ ಒಂದೇ ಶರೀರವಾಗಿರುವದರಿಂದ ಇಬ್ಬರೂ ಕೂಡಿ ಮಾತಾಡಿ ತೀರ್ಮಾನಿಸಬೇಕು.

1890ರ ದಶಕದಲ್ಲಿ ತಮಿಳುಸೀಮೆಯ ತಿಂಡಿವನದಲ್ಲಿ ಐಡಾ ಸ್ಕಡ್ಡರ್ ಎಂಬ ಮಿಷನರಿಯ ಮಗಳು ಒಂದು ರಾತ್ರಿ ಕಂಡದ್ದನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಒಬ್ಬರಾದ ಮೇಲೆ ಒಬ್ಬರಂತೆ ಮೂವರು ಗಂಡಂದಿರು ಬಂದು, ಹೆರಿಗೆಯಲ್ಲಿ ಕಷ್ಟಪಡುತ್ತಿದ್ದ ತಮ್ಮ ಹೆಂಡತಿಯರಿಗೆ ಸಹಾಯ ಮಾಡಬೇಕೆಂದು ಆಕೆಯನ್ನು ಬೇಡಿದರು. ತನಗೆ ವೈದ್ಯ ಬಾರದು, ತಂದೆಯು ವೈದ್ಯನು, ಆತನನ್ನು ಕರೆದುಕೊಂಡು ಹೋಗಿರಿ ಎಂದು ಆಕೆ ಹೇಳಿದಳು. ಗಂಡಸು ತಮ್ಮ ಹೆಂಡತಿಯನ್ನು ಮುಟ್ಟಬಾರದೆಂದು ಮೂವರೂ ಹೊರಟುಹೋದರು. ಬೆಳಗಾಗುವಷ್ಟರಲ್ಲಿ ಆ ಮೂವರು ಸ್ತ್ರೀಯರೂ ಸತ್ತಿದ್ದರು. ಐಡಾ ಅವರು ಅಮೇರಿಕಕ್ಕೆ ಹೋಗಿ ವೈದ್ಯವನ್ನು ಕಲಿತು 1900ರಲ್ಲಿ ಹಿಂದಿರುಗಿ, ವೆಲ್ಲೂರಿನಲ್ಲಿ ಕೆಲಸವನ್ನು ಆರಂಭಿಸಿದರು. 1918ರಲ್ಲಿ ಸ್ತ್ರೀಯರಿಗಾಗಿ ವೈದ್ಯಶಾಲೆಯನ್ನು ತೆರೆದರು. ಇಂದು ಹೃದಯದ ಶಸ್ತ್ರಕ್ರಿಯೆಗೂ ನಾಡೆಲ್ಲಾ ಬಲ್ಲ ಸ್ಥಳವದು.

ಆ ಮೂವರು ಗಂಡಂದಿರು ಹೆಂಡತಿಯರನ್ನು ಪ್ರೀತಿಸದವರಲ್ಲ. ಪ್ರೀತಿಸದಿದ್ದರೆ ರಾತ್ರಿಯಲ್ಲಿ ಬರುತ್ತಿರಲಿಲ್ಲ. ಆದರೆ ಒಳಗೆ ನೋವು ತಿನ್ನುತ್ತಿದ್ದವಳನ್ನು ಯಾರೂ ಕೇಳಲಿಲ್ಲ. ನಾವು ಅವರ ವಿಷಯದಲ್ಲಿ ಎಷ್ಟೋ ಸಾರಿ ಪ್ರಸಂಗ ಮಾಡಿ, ನಮ್ಮ ಮನೆಯಲ್ಲಿ ಅದನ್ನೇ ಮಾಡಿದೆವು.

ಆ ರಾತ್ರಿ ನಾವು ಪತ್ನಿಯ ಮುಂದೆ ಕ್ಷಮೆ ಕೇಳಿದೆವು. ಬಳಿಕ ಇಬ್ಬರೂ ಕೂಡಿ ಕೂತು ಆಡಬೇಕಾದ ಮಾತುಗಳನ್ನೆಲ್ಲಾ ಆಡಿದೆವು. ಮನೆಯ ವ್ಯವಸ್ಥೆಯನ್ನು ಮಾಡಿಕೋ ಎಂದು ಯೆಶಾಯನು ಹಿಜ್ಕೀಯನಿಗೆ ಹೇಳಿದ್ದು ಅಪಶಕುನವಲ್ಲ, ಕರುಣೆ. ಸಾಲ ಎಷ್ಟು, ಹೊಲದ ಕಾಗದ ಎಲ್ಲಿ, ಮಗಳ ಮದುವೆಗೆ ಏನು ಮಾಡಬೇಕು, ಮುನಿಸಿಕೊಂಡಿದ್ದ ತಂಗಿಗೆ ಯಾವ ಮಾತು ಹೇಳಿ ಕಳುಹಿಸಬೇಕು ಎಂಬವುಗಳನ್ನು ಆಕೆಯೇ ಒಂದೊಂದಾಗಿ ಹೇಳಿದಳು. ಸಾವಿನ ಮಾತೆತ್ತಿದರೆ ಸಾವು ಬರುವದೆಂಬದು ನಾವು ಬಿಟ್ಟುಬಂದ ಹಳೆಯ ಭಯವಷ್ಟೇ. ಮಾತಾಡಿ ಮುಗಿಸಿದ ಮೇಲೆ ಆಕೆ ಬಹಳ ದಿವಸಗಳ ತರುವಾಯ ಚೆನ್ನಾಗಿ ನಿದ್ರೆಮಾಡಿದಳು.

ಯಾವ ಕವಾಟವೆಂಬದನ್ನೂ ಆಕೆಯೇ ಆರಿಸಿಕೊಂಡಳು. ಲೋಹದ ಕವಾಟವು ಬಹುಕಾಲ ಬಾಳುತ್ತದೆ. ಆದರೆ ರಕ್ತವು ಅದರ ಮೇಲೆ ಹೆಪ್ಪುಗಟ್ಟದಂತೆ ಜೀವವಿರುವ ವರೆಗೂ ವಾರ್ಫರಿನ್ ಗುಳಿಗೆಯನ್ನು ನುಂಗಿ, ಆಗಾಗ್ಗೆ ರಕ್ತವನ್ನು ಪರೀಕ್ಷೆ ಮಾಡಿಸಬೇಕು. ಹಂದಿಯ ಕವಾಟದಿಂದಾಗಲಿ ದನದ ಹೃದಯದ ಪೊರೆಯಿಂದಾಗಲಿ ಮಾಡಿದ್ದಕ್ಕೆ ಆ ಗುಳಿಗೆಯು ಸಾಮಾನ್ಯವಾಗಿ ಸದಾಕಾಲ ಬೇಡ. ಆದರೆ ಅದು ಹತ್ತು ಹದಿನೈದು ವರುಷಗಳಲ್ಲಿ ಸವೆಯುವದುಂಟು. ಪ್ರಾಣಿಯದನ್ನು ಎದೆಯೊಳಗೆ ಇಡಿಸಿಕೊಳ್ಳಬಹುದೋ ಎಂದು ಸಭೆಯಲ್ಲಿ ಒಬ್ಬ ಹಿರಿಯರು ಶಂಕಿಸಿದರು. ಅವರಿಗೆ ಪೇತ್ರನು ಯೊಪ್ಪದಲ್ಲಿ ಮಾಳಿಗೆಯ ಮೇಲೆ ಕಂಡ ದರ್ಶನವನ್ನು ಓದಿ ತೋರಿಸಿದೆವು. ಆದರೂ ಮತ್ತೊಮ್ಮೆ ಎದೆಯನ್ನು ತೆರೆಯಿಸುವದು ಬೇಡವೆಂದು ಆಕೆಯು ವೈದ್ಯರ ಸಲಹೆಯಂತೆ ಲೋಹದ್ದನ್ನೇ ಒಪ್ಪಿದಳು. ವಾರ್ಫರಿನ್ ಗರ್ಭದ ಶಿಶುವಿಗೆ ಹಾನಿ ಮಾಡಬಹುದಾದದರಿಂದ, ಇನ್ನೂ ಮಕ್ಕಳನ್ನು ಹೆರುವ ವಯಸ್ಸಿನವರು ಅದನ್ನು ವೈದ್ಯರ ಸಂಗಡ ಮೊದಲೇ ಮಾತಾಡಬೇಕು.

ಹಣದ ಚಿಂತೆಯೂ ಇತ್ತು. ಬಿ.ಪಿ.ಎಲ್. ಚೀಟಿಯುಳ್ಳ ಕುಟುಂಬಕ್ಕೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರುಷಕ್ಕೆ 5 ಲಕ್ಷ ರೂಪಾಯಿಗಳ ವರೆಗೆ ನೆರವು ದೊರೆಯುತ್ತದೆ. ಹೊಲವನ್ನು ಅಡವಿಡುವದಕ್ಕೆ ಮುಂಚೆ ಇದನ್ನು ವಿಚಾರಿಸಿರಿ. ಸಭೆಯ ಹೆಂಗಸರು ಹಿಡಿ ಅಕ್ಕಿಯ ಕಾಣಿಕೆಯನ್ನು ಕೂಡಿಸಿ ಕೊಟ್ಟರು. ರಕ್ತ ಬೇಕೆಂದಾಗ ನಮ್ಮೂರಿನಿಂದ ಆರು ಮಂದಿ ಯೌವನಸ್ಥರು ಬಂದರು. ಅವರಲ್ಲಿ ನಾಲ್ವರು ನಮ್ಮ ಸಭೆಯವರಲ್ಲ. ನಮ್ಮ ಅಜ್ಜನಿಗೆ ಅವರ ಅಜ್ಜಂದಿರು ಬಾವಿಯ ಹಗ್ಗವನ್ನು ಮುಟ್ಟಗೊಡಿಸಿರಲಿಲ್ಲ. ದೇವರು ಮನುಷ್ಯರನ್ನೆಲ್ಲಾ ಒಬ್ಬನಿಂದಲೇ ಹುಟ್ಟಿಸಿದನೆಂದು ಪೌಲನು ಅಥೇನೆಯವರಿಗೆ ಸಾರಿದ್ದನ್ನು ನಾವು ರಕ್ತದ ಆ ಚೀಲಗಳಲ್ಲಿ ಕಣ್ಣಾರೆ ಕಂಡೆವು.

ಮೂರನೆಯದು: ಬಾಗಿಲು ಮುಚ್ಚಿದ ಮೇಲೆ ನಮಗೆ ಉಳಿದಿರುವದು ದೇವರು ಎಚ್ಚರವಾಗಿದ್ದಾನೆಂಬ ಒಂದೇ ಆಧಾರ.

ಬೆಳಗ್ಗೆ ಏಳು ಘಂಟೆಗೆ ಆಕೆಯನ್ನು ತಳ್ಳುಗಾಡಿಯಲ್ಲಿ ಒಯ್ದರು. ತಾಳಿಯನ್ನೂ ಬಳೆಗಳನ್ನೂ ಬಿಚ್ಚಿ ನಮ್ಮ ಕೈಯಲ್ಲಿ ಕೊಟ್ಟರು. ಒಳಗೆ ನಿದ್ರೆ ಬರಿಸಿ, ಎದೆಯ ಎಲುಬನ್ನು ಸೀಳಿ, ರಕ್ತವನ್ನು ಯಂತ್ರಕ್ಕೆ ತಿರುಗಿಸಿ, ಹೃದಯವನ್ನು ನಿಲ್ಲಿಸುತ್ತಾರೆಂದು ನಮಗೆ ತಿಳಿದಿತ್ತು. ಇಪ್ಪತ್ತೈದು ವರುಷ ನಮ್ಮ ಪಕ್ಕದಲ್ಲಿ ಬಡಿದ ಹೃದಯವು ಈಗ ನಿಂತಿರಬಹುದು ಎಂದು ಗೋಡೆಯ ಗಡಿಯಾರವನ್ನು ನೋಡುತ್ತಾ ಕೂತೆವು. ಮರಣಶಯ್ಯೆಗಳ ಬಳಿ ಎಷ್ಟೋ ಸಾರಿ ಪ್ರಾರ್ಥಿಸಿದ ನಮ್ಮ ಬಾಯಲ್ಲಿ ಆ ದಿವಸ ಒಂದು ಪ್ರಾರ್ಥನೆಯೂ ಹುಟ್ಟಲಿಲ್ಲ. ಮೊಣಕಾಲುಗಳು ನಡುಗಿದವು. ವೇದವನ್ನು ತೆರೆದೆವು, ಅಕ್ಷರಗಳು ಕಾಣಲಿಲ್ಲ.

ಆಗ ಬಾಯಿಪಾಠವಾಗಿದ್ದ ಈ ವೇದಭಾಗವೇ ನೆನಪಿಗೆ ಬಂತು. ಆದಾಮನು ನಿದ್ರೆಯಲ್ಲಿದ್ದಾಗ ಪ್ರಾರ್ಥಿಸಿದನೋ? ಇಲ್ಲ. ಅವನಿಗಾಗಿ ಪ್ರಾರ್ಥಿಸುವವರು ಹೊರಗೆ ಇದ್ದರೋ? ಇಲ್ಲ. ಆದರೂ ದೇವರು ಅವನನ್ನು ಬಿಟ್ಟುಹೋಗಲಿಲ್ಲ. ತೆರೆದದ್ದನ್ನು ಮುಚ್ಚದೆ ಇರಲಿಲ್ಲ. ಗೆತ್ಸೇಮನೆಯಲ್ಲಿ ಶಿಷ್ಯರು ದುಃಖದಿಂದ ನಿದ್ರೆಹೋದರು, ಎಚ್ಚರವಾಗಿದ್ದವನು ಕರ್ತನೊಬ್ಬನೇ. ಹಾಗಾದರೆ ನಮ್ಮ ಪ್ರಾರ್ಥನೆಯ ಬಲದಿಂದಲ್ಲ, ನಿದ್ರೆಮಾಡದ ದೇವರ ದಯೆಯಿಂದಲೇ ಆಕೆ ಕಾಯಲ್ಪಟ್ಟಿದ್ದಾಳೆ ಎಂದು ತಿಳಿದಾಗ ನಮ್ಮ ಮೇಲಿನ ಒಂದು ಭಾರವು ಇಳಿಯಿತು.

ಅದೇ ಬೆಂಚಿನ ಮೇಲೆ ಅನ್ಯಮತದ ಒಬ್ಬ ತಾಯಿ ಕೂತಿದ್ದಳು. ಆಕೆಯ ಗಂಡನೂ ಅಂಥದೇ ಶಸ್ತ್ರಕ್ರಿಯೆಗಾಗಿ ಒಳಗಿದ್ದನು. ಮಧ್ಯಾಹ್ನ ಆಕೆ ತನ್ನ ಗಂಟನ್ನು ಬಿಚ್ಚಿ, “ಅಣ್ಣಾ, ಬೆಳಗಿನಿಂದ ನೀವೂ ಏನೂ ತಿಂದಿಲ್ಲ” ಎಂದು ರೊಟ್ಟಿಯನ್ನು ಮುರಿದು ಕೊಟ್ಟಳು. ಸಾಯಂಕಾಲ ನಾಲ್ಕಕ್ಕೆ ವೈದ್ಯರು ಬಂದು, ನಮ್ಮ ಪತ್ನಿಯ ಹೃದಯವು ತಾನಾಗಿ ಬಡಿಯುತ್ತಿದೆ ಎಂದರು. ಆ ತಾಯಿಯ ಗಂಡನು ಎರಡು ದಿವಸಗಳ ತರುವಾಯ ತೀರಿಕೊಂಡನು.

ಪ್ರಿಯರೇ, ಇಲ್ಲಿ ನಾವು ಎಚ್ಚರಿಕೆಯಿಂದ ಮಾತಾಡಬೇಕು. ನಮ್ಮ ಪ್ರಾರ್ಥನೆಯು ಕೇಳಲ್ಪಟ್ಟಿತು, ಆಕೆಯದು ಕೇಳಲ್ಪಡಲಿಲ್ಲ ಎಂದು ಸಾಕ್ಷಿ ಹೇಳುವದು ಸುಲಭ. ಆದರೆ ನಾವು ಹಾಗೆ ಹೇಳೆವು. ಪ್ರಾರ್ಥಿಸಲಾರದೆ ಕೂತಿದ್ದವರು ನಾವು, ರೊಟ್ಟಿ ಮುರಿದು ಕೊಟ್ಟವಳು ಆಕೆ. ಬಾಬೆಲಿನ ಮೂವರು ಯೌವನಸ್ಥರು ಬೆಂಕಿಯ ಕುಲುಮೆಯ ಮುಂದೆ ನಿಂತು, ದೇವರು ಬಿಡಿಸಬಲ್ಲನು, ಬಿಡಿಸದಿದ್ದರೂ ತಾವು ಆತನನ್ನು ಬಿಡುವದಿಲ್ಲ ಎಂದರು. ಬಿಡಿಸದಿದ್ದರೂ ಎಂಬ ಮಾತನ್ನು ಹೇಳಲಾರದ ವಿಶ್ವಾಸವು ಇನ್ನೂ ವ್ಯಾಪಾರವೇ. ಲಾಜರನನ್ನು ಎಬ್ಬಿಸಲಿದ್ದ ಕರ್ತನು ಮೊದಲು ಕಣ್ಣೀರಿಟ್ಟನು. ಆ ತಾಯಿಗೆ ನಾವು ಯಾವ ಅರ್ಥವನ್ನೂ ಹೇಳಲಿಲ್ಲ. ಆಕೆಯ ಸಂಗಡ ಅತ್ತೆವು, ಶವವನ್ನು ಊರಿಗೆ ಒಯ್ಯುವ ಬಂಡಿಯ ವರೆಗೆ ಹೋದೆವು.

ಇನ್ನು ಮನೆಗೆ ಬಂದ ಮೇಲಿನ ಮಾತು. ಗಂಡಾಂತರ ಕಳೆಯಿತೆಂದು ನೆಂಟರು ಹಿಂದಿರುಗಿದ ಮೇಲೆಯೇ ದಂಪತಿಗಳ ಪ್ರೀತಿಗೆ ಪರೀಕ್ಷೆ. ಎದೆಯ ಎಲುಬು ಕೂಡಿಕೊಳ್ಳುವದಕ್ಕೆ ಎರಡು ಮೂರು ತಿಂಗಳು ಬೇಕು. ಅಷ್ಟರ ವರೆಗೆ ಭಾರವನ್ನು ಎತ್ತಬಾರದು. ಕಾರಣವಿಲ್ಲದೆ ಅಳು ಬರುವದು, ಸಿಟ್ಟು ಬರುವದು, ನಿದ್ರೆ ಹತ್ತದಿರುವದು ಇಂಥವರಲ್ಲಿ ಸಾಮಾನ್ಯ. ಅದನ್ನು ಅವಿಶ್ವಾಸವೆಂದು ಗದರಿಸಬೇಡಿರಿ. ಗುಳಿಗೆಯನ್ನು ದಿನಾಲು ಒಂದೇ ಹೊತ್ತಿಗೆ ಕೊಡಿರಿ. ಸೊಪ್ಪಿನ ಪಲ್ಯವನ್ನು ಒಂದು ವಾರ ಬಿಟ್ಟು ಇನ್ನೊಂದು ವಾರ ಹೆಚ್ಚಾಗಿ ತಿನ್ನದೆ, ಒಂದೇ ಪ್ರಮಾಣದಲ್ಲಿ ತಿನ್ನಲಿ. ವೈದ್ಯರನ್ನು ಕೇಳದೆ ಅಂಗಡಿಯ ನೋವಿನ ಗುಳಿಗೆಯನ್ನಾಗಲಿ ನಾಟಿ ಔಷಧವನ್ನಾಗಲಿ ಕೊಡಬೇಡಿರಿ. ಹಲ್ಲು ಕೀಳಿಸುವ ಮುಂಚೆ ಕವಾಟದ ಸಂಗತಿಯನ್ನು ಹೇಳಿರಿ. ಎರಡೆಸಳಿನ ಕವಾಟವು ಕುಟುಂಬದಲ್ಲಿ ಬರುವದುಂಟಾದದರಿಂದ ಒಡಹುಟ್ಟಿದವರಿಗೂ ಮಕ್ಕಳಿಗೂ ಪರೀಕ್ಷೆ ಮಾಡಿಸಿರಿ. ನಮ್ಮ ಹಳ್ಳಿಗಳಲ್ಲಿ ಕವಾಟಗಳು ಕೆಡುವದಕ್ಕೆ ಇನ್ನೊಂದು ದೊಡ್ಡ ಕಾರಣವು ಬಾಲ್ಯದಲ್ಲಿ ಗಂಟಲುನೋವಿನ ಹಿಂದೆ ಬರುವ ಕೀಲುನೋವಿನ ಜ್ವರ. ಅಂಥ ಮಗುವನ್ನು ಅಲಕ್ಷ್ಯಮಾಡದೆ ವೈದ್ಯರಿಗೆ ತೋರಿಸಿರಿ.

ನೀರಿನ ಕೊಡವನ್ನು ಈಗ ನಾವೇ ಹೊರುತ್ತೇವೆ. ಬಾವಿಯ ಬಳಿಯಲ್ಲಿ ಮೊದಮೊದಲು ಕೆಲವರು ನಕ್ಕರು. ಕರ್ತನು ಪಸ್ಕದ ಊಟಕ್ಕೆ ಮನೆಯನ್ನು ಹುಡುಕುವದಕ್ಕೆ ಶಿಷ್ಯರನ್ನು ಕಳುಹಿಸಿದಾಗ, ನೀರಿನ ಕೊಡವನ್ನು ಹೊತ್ತ ಒಬ್ಬ ಗಂಡಸನ್ನೇ ಗುರುತಾಗಿ ಹೇಳಿದನಲ್ಲಾ ಎಂದು ನಾವು ಉತ್ತರಕೊಟ್ಟೆವು. ಆ ಮನುಷ್ಯನ ಹೆಸರು ನಮಗೆ ತಿಳಿಯದು. ಅವನ ಹಿಂದೆ ಹೋದವರಿಗೆ ಕರ್ತನ ಭೋಜನದ ಮನೆಯು ಸಿಕ್ಕಿತು.

ರಾತ್ರಿಯಲ್ಲಿ ಊರೆಲ್ಲಾ ಮಲಗಿದಾಗ ಆ ಲೋಹದ ಕವಾಟದ ಸದ್ದು ಸಣ್ಣ ಗಡಿಯಾರದ ಸದ್ದಿನಂತೆ ನಮ್ಮ ಕಿವಿಗೆ ಕೇಳಿಬರುತ್ತದೆ. ಮೊದಲು ಅದನ್ನು ಕೇಳಿ ಹೆದರುತ್ತಿದ್ದೆವು, ಎಲ್ಲಿ ನಿಂತುಹೋಗುವದೋ ಎಂದು ಎಣಿಸುತ್ತಾ ಎಚ್ಚರವಾಗಿರುತ್ತಿದ್ದೆವು. ಈಗ ಎಣಿಸುವದನ್ನು ಬಿಟ್ಟಿದ್ದೇವೆ. ಅದನ್ನು ಎಣಿಸುವವನು ಬೇರೊಬ್ಬನಿದ್ದಾನೆ, ಆತನು ತೂಕಡಿಸುವವನಲ್ಲ. ಆದಕಾರಣ ನಾವಿಬ್ಬರೂ ನಿದ್ರೆಮಾಡುತ್ತೇವೆ.

ಪ್ರಾರ್ಥಿಸೋಣ: ಪರಲೋಕದ ತಂದೆಯೇ, ಗಂಡನಿಗಾಗಿಯೂ ಹೆಂಡತಿಗಾಗಿಯೂ ಆಸ್ಪತ್ರೆಯ ಬಾಗಲಲ್ಲಿ ಕಾದಿರುವವರೆಲ್ಲರ ಪಕ್ಕದಲ್ಲಿ ಕೂತುಕೋ. ವೈದ್ಯರ ಕೈಗಳನ್ನು ಸ್ಥಿರಪಡಿಸು. ನಮ್ಮ ಭಯವನ್ನು ವಿಶ್ವಾಸವೆಂದು ಕರೆಯದಂತೆ ನಮಗೆ ಸತ್ಯವನ್ನು ಕೊಡು. ಹಿಂದಿರುಗಿ ಬಂದವರನ್ನು ಕೃತಜ್ಞತೆಯಿಂದಲೂ, ಹಿಂದಿರುಗದವರ ಮನೆಯವರನ್ನು ನಿನ್ನ ಆದರಣೆಯಿಂದಲೂ ತುಂಬಿಸು. ನಮಗಾಗಿ ಪಕ್ಕೆಯಲ್ಲಿ ತಿವಿಯಲ್ಪಟ್ಟ ನಿನ್ನ ಮಗನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.